ತಂಗಿಯ ಬ್ಯಾಟರಿ, ಉತ್ತರದ ಗೋಡೆ

ಗಂಗಾವತಿಯಲ್ಲಿ ನನ್ನದೊಂದು ಇನ್ವರ್ಟರ್ ಬ್ಯಾಟರಿ ಅಂಗಡಿ ಇದೆ. ಅಕ್ಕಿ ಗಿರಣಿಗಳ ರಸ್ತೆಯಲ್ಲಿ, ಒಂದು ಕಡೆ ತಾಡಪತ್ರಿ ಮಾರುವವರು, ಇನ್ನೊಂದು ಕಡೆ ಮೋಟಾರ್ ವೈಂಡಿಂಗ್ ಮಾಡುವವರು, ನಡುವೆ ನಾನು. ಬ್ಯಾಟರಿಯ ವಿಷಯ ಬಂದರೆ ಈ ರಸ್ತೆಯಲ್ಲಿ ನನ್ನ ಮಾತೇ ಕೊನೆ. ಇದನ್ನು ಜಂಬ ಅಂತ ಬೇಕಾದರೆ ಕರೆಯಿರಿ, ನನಗೇನೂ ಬೇಸರವಿಲ್ಲ. ಇಷ್ಟು ವರ್ಷ ಆಸಿಡ್ ವಾಸನೆ ಕುಡಿದಿದ್ದೇನೆ, ನನ್ನ ಪ್ಯಾಂಟುಗಳಲ್ಲಿ ತೂತು ಬೀಳದ್ದು ಒಂದೂ ಇಲ್ಲ. ಇಷ್ಟಾದ ಮೇಲೂ ಜಂಬ ಮಾಡಬಾರದು ಅಂದರೆ ಹೇಗೆ?

ಅದಕ್ಕೇ, ದಸರಾಕ್ಕೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಆಸ್ಟ್ರೇಲಿಯಾದಿಂದ ತಂಗಿ ಫೋನ್ ಮಾಡಿ, "ಅಣ್ಣಾ, ಮನಿಗೆ ಒಂದು ಸೋಲಾರ್ ಬ್ಯಾಟರಿ ತಗೋಬೇಕಂತ ಮಾಡೀವಿ, ಛಲೋ ಐತೋ ಇಲ್ಲೋ ನೀನ ಹೇಳಬೇಕು" ಅಂದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಅವಳು ಅಲ್ಲಿಗೆ ಹೋದ ಮೇಲೆ ನನ್ನನ್ನು ಏನೂ ಕೇಳಿರಲಿಲ್ಲ. ನಾನೇ ಕೇಳುತ್ತಿದ್ದೆ: ಊಟ ಆಯ್ತಾ, ಚಳಿ ಐತಾ, ಮಕ್ಕಳು ಕನ್ನಡ ಮಾತಾಡ್ತಾವಾ. ಈಗ ಅವಳು ನನ್ನ ಕಸುಬಿನ ಮಾತು ಕೇಳಿದ್ದಳು.

ತಂಗಿಯ ಗಂಡ ಗಿಣಿಗೇರಾದ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು. ಆ ದೇಶದಲ್ಲಿ ವೆಲ್ಡರ್‌ಗಳು ಬೇಕಾಗಿದ್ದಾರೆ ಅಂತ ತಿಳಿದು, ಪರೀಕ್ಷೆ ಕಟ್ಟಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದ. ದಕ್ಷಿಣದ ಒಂದು ಊರಿನಲ್ಲಿ ಹಳೆಯ ಮನೆಯೊಂದನ್ನು ಸಾಲದ ಮೇಲೆ ಕೊಂಡರು. ಆ ಮನೆಯ ಛಾವಣಿಯ ಮೇಲೆ ಹಿಂದಿನ ಮಾಲೀಕರು ಹಾಕಿಸಿದ ಸೋಲಾರ್ ಪ್ಲೇಟುಗಳಿದ್ದವು. ತಂಗಿ ಬೆಳಿಗ್ಗೆ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಕಡಕ್ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ. ಮೊದಲು ಪರಿಚಯದ ಒಂದು ಮನೆಗೆ ಅಂತ ಶುರುವಾದದ್ದು, ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ, ನಮ್ಮ ಕಡೆಯವರೆಲ್ಲ ಕಾರು ತೆಗೆದುಕೊಂಡು ಅವಳ ಬಾಗಿಲಿಗೆ ಬರುವ ಹಾಗಾಗಿತ್ತು. ಅಲ್ಲಿ ಅವಳನ್ನು ರೊಟ್ಟಿ ಅಕ್ಕ ಅಂತಲೇ ಕರೆಯುತ್ತಾರಂತೆ. ಅದನ್ನು ಹೇಳುವಾಗ ಅವಳ ದನಿ ಎಷ್ಟು ಹಿಗ್ಗುತ್ತಿತ್ತು ಅಂದರೆ, ನಮ್ಮ ಅವ್ವ ಫೋನನ್ನು ಕಿವಿಯಿಂದ ದೂರ ಹಿಡಿಯುತ್ತಿದ್ದಳು.

ತೊಂದರೆ ಇದ್ದದ್ದು ಕರೆಂಟಿನದು. ಅವಳದು ಎರಡು ಕರೆಂಟ್ ಒಲೆ, ಸಂಜೆಯೆಲ್ಲ ಉರಿಯಬೇಕು.

"ಹಗಲೆಲ್ಲ ನಮ್ಮ ಮನಿ ಮ್ಯಾಲಿನ ಕರೆಂಟು ಕಂಪನಿಗೆ ಹೋಗತೈತಿ ಅಣ್ಣಾ, ಅವರು ಚಿಲ್ಲರೆ ಕೊಡ್ತಾರ. ಸಂಜಿಗೆ ನಾ ಒಲಿ ಹಚ್ಚೋ ಹೊತ್ತಿಗೆ ಸೂರ್ಯ ಇರಂಗಿಲ್ಲ. ಆಗ ಅವರ ಕಡೀಂದ ತಗೋಬೇಕು, ಆ ಹೊತ್ತಿಗೇ ರೇಟು ಭಾಳ."

ಇದು ನನಗೆ ಥಟ್ಟನೆ ಅರ್ಥವಾಯಿತು. ಸುಗ್ಗಿಯಲ್ಲಿ ಭತ್ತ ಬಂದ ರೇಟಿಗೆ ಮಾರಿ, ನಾಲ್ಕು ತಿಂಗಳಾದ ಮೇಲೆ ಅದೇ ಗಿರಣಿಯಿಂದ ಅಕ್ಕಿ ಕೊಂಡು ತರುವವರನ್ನು ನಾನು ದಿನಾ ನೋಡುತ್ತೇನೆ. ಮನೆಯಲ್ಲಿ ಕಣಜ ಇಲ್ಲದಿದ್ದರೆ ಹಾಗೇ ಆಗುತ್ತದೆ. ಅವಳಿಗೆ ಬೇಕಾದದ್ದು ಕರೆಂಟಿನ ಕಣಜ.

"ಬಿಲ್ ನೋಡಿ ಇವರು ಅಂದ್ರು, ರೊಟ್ಟಿ ಸಾಕು ಮಾಡು, ದುಡಿದದ್ದೆಲ್ಲ ಒಲಿಗೇ ಹೋಗಾಕತ್ತೈತಿ ಅಂತ. ದೊಡ್ಡ ಕಂಪನಿ ಬ್ಯಾಟರಿ ನಮ್ಮ ಕೈಗೆ ಎಟಕಂಗಿಲ್ಲ. ಒಂದು ಅಗ್ಗದ್ದು ಐತಿ. ಸರ್ಕಾರನೂ ಸ್ವಲ್ಪ ಕೊಡ್ತೈತಿ. ಆದ್ರ ಇವರು ಅಗ್ಗದ್ದು ಬ್ಯಾಡೇ ಬ್ಯಾಡ ಅಂತಾರ. ನೀ ಹೂಂ ಅಂದ್ರ ಒಪ್ಪತಾರ. ಇಲ್ಲಂದ್ರ ರೊಟ್ಟಿ ಬಿಡಬೇಕು ಅಣ್ಣಾ."

ಕೊನೆಯ ಮಾತು ಹೇಳುವಾಗ ಅವಳ ದನಿ ಸಣ್ಣಗಾಯಿತು. ಹಿಂದಿನಿಂದ ಅವಳ ಗಂಡ ಕೂಗಿ ಹೇಳಿದ: "ಅಗ್ಗದ ರಾಡ್ ಹಾಕಿದ್ರ ಬೆಸುಗಿ ಬಿಡತೈತ್ರಿ. ಇಷ್ಟ ನಾ ಹೇಳೋದು!" ಮನುಷ್ಯ ಒಳ್ಳೆಯವನೇ. ಕಾರ್ಖಾನೆಯಲ್ಲಿ ಕೆಟ್ಟ ರಾಡಿನಿಂದ ಬೈಸಿಕೊಂಡವನು, ಅಷ್ಟೆ.

ನಾನು ದೊಡ್ಡ ಡಾಕ್ಟರ ಹಾಗೆ ಗಂಟಲು ಸರಿಮಾಡಿಕೊಂಡು ಮೊದಲ ಪ್ರಶ್ನೆ ಹಾಕಿದೆ: "ತೂಕ ಎಷ್ಟೈತಿ?"

ನಮ್ಮ ಕಸುಬಿನಲ್ಲಿ ಎಲ್ಲವೂ ತೂಕದ ಮೇಲೆ. ಒಳಗೆ ಸೀಸ ಜಾಸ್ತಿ ಇದ್ದರೆ ಬ್ಯಾಟರಿ ಭಾರ. ಭಾರ ಇದ್ದರೆ ಬಾಳಿಕೆ. ನನ್ನ ಅಂಗಡಿಗೆ ಬರುವ ಗಿರಾಕಿ ಹೆಸರನ್ನೂ ಓದುವುದಿಲ್ಲ, ಡಬ್ಬಿಯ ಒಂದು ಕಿವಿ ಹಿಡಿದು ಎತ್ತುತ್ತಾನೆ. ಉಸಿರು ಬಿಟ್ಟರೆ ಸರಿ, ಸಲೀಸಾಗಿ ಎತ್ತಿದರೆ ಮುಖ ಸಿಂಡರಿಸಿ ಮುಂದಿನ ಅಂಗಡಿಗೆ ಹೋಗುತ್ತಾನೆ. ತಂಗಿ ಕಾಗದ ನೋಡಿ ತೂಕ ಓದಿದಳು. ಅದು ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವುದನ್ನೂ ಓದಿದಳು. ಅಷ್ಟು ಕರೆಂಟಿಗೆ ನನ್ನ ಲೆಕ್ಕದಲ್ಲಿ ಒಂದು ಟ್ರ್ಯಾಕ್ಟರ್ ಟ್ರಾಲಿ ತುಂಬ ಬ್ಯಾಟರಿ ಬೇಕು. ಅವಳು ಹೇಳಿದ್ದು ಗೋಡೆಗೆ ನೇತುಹಾಕುವ ಒಂದು ಪೆಟ್ಟಿಗೆ!

"ಒಳಗ ಏನೂ ಇಲ್ಲಬೇ ತಂಗೀ, ಖಾಲಿ ಡಬ್ಬಿ ಮಾರಾಕತ್ಯಾರ. ಬ್ಯಾಡ" ಅಂದೆ.

"ಆಯ್ತು ಅಣ್ಣಾ" ಅಂದಳು. ಅಷ್ಟೇ. ಜಗಳವಾಡಲಿಲ್ಲ, ಇನ್ನೊಂದು ಮಾತು ಕೇಳಲಿಲ್ಲ. ಸಣ್ಣವಳಿದ್ದಾಗ ನನ್ನ ಕೈ ಕಚ್ಚಿ ಪೆಪ್ಪರಮಿಂಟ್ ಕಸಿದುಕೊಳ್ಳುತ್ತಿದ್ದ ಹುಡುಗಿ ಹೀಗೆ ಸುಮ್ಮನೆ ಒಪ್ಪಿಕೊಂಡದ್ದು ನನಗೆ ಸರಿಬರಲಿಲ್ಲ.

ಸಂಜೆ ಮನೆಯಲ್ಲಿ ಈ ಕಥೆ ಹೇಳಿದೆ. ನನ್ನ ಹೆಂಡತಿ ಅಕ್ಕಿ ಆರಿಸುತ್ತಾ ಎಲ್ಲ ಕೇಳಿದಳು. ಕೇಳಿ, ನನ್ನ ಅಂಗಿಯ ಜೇಬಿನ ಕಡೆ ಗದ್ದ ಎತ್ತಿ ತೋರಿಸಿದಳು.

"ಆ ಫೋನಿನ್ಯಾಗ ಸೀಸ ಎಷ್ಟೈತ್ರಿ?"

"ಅದು ಬ್ಯಾರೆ ಜಾತಿ ಬ್ಯಾಟರಿ. ಲಿಥಿಯಂ."

"ಆಕಿ ಹೇಳಿದ್ದು ಯಾವ ಜಾತಿ?"

ಅಯ್ಯೋ ಶಿವನೇ! ನಾನು ಕೇಳೇ ಇರಲಿಲ್ಲ. ತಂಗಿ ಫೋನಿಗೆ ಕಳಿಸಿದ್ದ ಕಾಗದ ತೆಗೆದು ನೋಡಿದರೆ ಮೊದಲ ಸಾಲಿನಲ್ಲೇ ಲಿಥಿಯಂ ಅಂತ ಇದೆ. ಅದು ಹಗುರ ಇರುವುದೇ ಸರಿ. ಕುಂಬಳಕಾಯಿ ತೂಗುವ ತಕ್ಕಡಿಯಲ್ಲಿ ಮಲ್ಲಿಗೆ ಹೂವು ತೂಗಿದ್ದೆ. ಹೆಂಡತಿ ನಗಲಿಲ್ಲ. "ಪಾಪ, ಆಕಿ ರೊಟ್ಟಿ ಬಿಡಿಸ್ತಿದ್ರಿ" ಅಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ನಕ್ಕಿದ್ದರೇ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ತಂಗಿಗೆ ಫೋನ್ ಹಚ್ಚಿ, "ನಿನ್ನಿ ಬ್ಯಾಡ ಅಂದಿದ್ದು ವಾಪಸ್ ತಗೊಂಡೀನಿ. ಇನ್ನೂ ಹೂಂ ಅಂದಿಲ್ಲ. ನೋಡೋಣ" ಅಂದೆ. ಅವಳು ಕಿಲಕಿಲ ನಕ್ಕಳು. ಆ ನಗು ಕೇಳಿ ನನ್ನ ಜಂಬ ಪೂರಾ ವಾಪಸ್ ಬಂತು. ಬಂದ ಜಂಬದಲ್ಲೇ ಇನ್ನೊಂದು ಮಾತು ಹೇಳಿಬಿಟ್ಟೆ: "ಒಂದು ವ್ಯಾಳೆ ತಗೊಂಡ್ರ, ಉತ್ತರದ ಗೋಡಿಗೇ ಹಚ್ಚಿಸು. ಬ್ಯಾಟರಿಗೆ ಬಿಸಿಲು ಆಗಂಗಿಲ್ಲ. ಉತ್ತರದ ಗೋಡಿ ತಂಪು ಇರತೈತಿ."

ಪಕ್ಕದಲ್ಲಿ ಕೂತಿದ್ದ ಅವ್ವ, "ಕುಬೇರನ ದಿಕ್ಕು, ಛಲೋನ ಆತು" ಅಂತ ಮುದ್ರೆ ಒತ್ತಿದಳು. ನಮ್ಮ ಮನೆಯಲ್ಲಿ ಕುಡಿಯುವ ನೀರಿನ ಗಡಿಗೆ ಇಡುವುದೂ ಉತ್ತರದ ಗೋಡೆಯ ಮಗ್ಗುಲಲ್ಲೇ. ನನ್ನ ಎಷ್ಟೋ ಗಿರಾಕಿಗಳ ಮನೆಯಲ್ಲಿ ಬ್ಯಾಟರಿಯನ್ನೂ ಅಲ್ಲೇ ಇಡಿಸಿದ್ದೇನೆ. ಯಾರೂ ತಕರಾರು ಹೇಳಿಲ್ಲ.

ಇನ್ನು ಬ್ಯಾಟರಿಯ ಪರೀಕ್ಷೆ. ನನಗೆ ಗೊತ್ತಿಲ್ಲದ ಮಾಲು, ನಾನು ನೋಡದ ದೇಶ. ಕಾಗದದಲ್ಲಿ ಹತ್ತು ವರ್ಷದ ಗ್ಯಾರಂಟಿ ಅಂತ ಬರೆದಿತ್ತು. ಕಾಗದಕ್ಕೇನು, ಬರೆದದ್ದೆಲ್ಲ ಹೊತ್ತುಕೊಳ್ಳುತ್ತದೆ. ಆದರೆ ಗಂಗಾವತಿಯ ಬಜಾರದಲ್ಲಿ ನಾವು ಒಂದು ರೀತಿ ಇಟ್ಟುಕೊಂಡಿದ್ದೇವೆ. ಅಕ್ಕಿ ವ್ಯಾಪಾರದವರು ಮಾರುವವನು ಅಂಗೈಯಲ್ಲಿ ಹಿಡಿದು ತೋರಿಸುವ ಅಕ್ಕಿಯನ್ನು ನೋಡುವುದೇ ಇಲ್ಲ. ಚೀಲದ ಹೊಟ್ಟೆಗೆ ತಾವೇ ಕಬ್ಬಿಣದ ಕೊಳವೆ ಚುಚ್ಚಿ, ಒಳಗಿನ ಕಾಳು ತೆಗೆದು ಹಲ್ಲಿನಲ್ಲಿ ಕಡಿದು ನೋಡುತ್ತಾರೆ. ನನ್ನ ಅಂಗಡಿಗೆ ಹೊಸ ಗಿರಾಕಿ ಬಂದು ಅನುಮಾನ ಪಟ್ಟರೆ ನಾನೂ ವಾದ ಮಾಡುವುದಿಲ್ಲ. ಎರಡು ವರ್ಷದ ಹಿಂದೆ ನನ್ನ ಹತ್ತಿರ ಕೊಂಡವರ ಮನೆ ತೋರಿಸಿ, "ಹೋಗ್ರಿ, ಚಾ ಕುಡೀರಿ, ಅವರನ್ನ ಕೇಳ್ರಿ" ಅನ್ನುತ್ತೇನೆ. ಅವರು ನಾಲ್ಕು ಬೈದು ಎರಡು ಹೊಗಳುತ್ತಾರೆ. ಗಿರಾಕಿ ಅದನ್ನು ಕೇಳಿಕೊಂಡು ವಾಪಸ್ ಬರುತ್ತಾನೆ.

ಅದನ್ನೇ ತಂಗಿಗೆ ಹೇಳಿದೆ. "ನಿಮ್ಮ ಓಣ್ಯಾಗ ಅದೇ ಬ್ಯಾಟರಿ ಯಾರ ಗೋಡಿ ಮ್ಯಾಲೈತಿ ನೋಡು. ಹೋಗಿ ಬಾಗಿಲ ಬಡಿ."

"ಅಣ್ಣಾ, ಇಲ್ಲೆ ಹಂಗ ಹೇಳದ ಕೇಳದ ಯಾರ ಮನಿಗೂ ಹೋಗಂಗಿಲ್ಲ!"

"ಅಷ್ಟು ವರ್ಷದಿಂದ ಅಲ್ಲೇ ಅದೀ. ಓಣ್ಯಾಗ ಯಾರೂ ಗೊತ್ತಿಲ್ಲೇನು?"

"ಕಸದ ಡಬ್ಬಿ ಹೊರಗಿಡುವಾಗ ಎದುರು ಮನಿ ಅಜ್ಜಿ ಕೈ ಎತ್ತತಾಳ. ನಾನೂ ಎತ್ತತೀನಿ."

"ಸಾಕಲ್ಲ! ಕೈ ಎತ್ತಿದಾಕಿ ಬಾಗಿಲ ತಗೀದ ಇರ್ತಾಳೇನು? ಬರೇ ಕೈಲೆ ಹೋಗಬ್ಯಾಡ ಮತ್ತ. ಕಡಕ್ ರೊಟ್ಟಿ ಒಯ್ಯಿ. ಹೋಗಿ ಮೂರ ಮಾತು ಕೇಳು. ಸಂಜಿ ಒಲಿ ಹಚ್ಚಿದ್ರ ತಡಕೋತೈತೋ ಇಲ್ಲೋ, ಬಿರುಬ್ಯಾಸಗ್ಯಾಗ ಏನು ಮಾಡತೈತಿ, ಕೆಟ್ಟಾಗ ಯಾರು ಬಂದ್ರು. ಮೂರನೇದ್ದು ಮರೀಬ್ಯಾಡ."

ಒಂದು ವಾರ ಸುದ್ದಿಯೇ ಇಲ್ಲ. ನಾಚಿಕೊಂಡು ಕೂತಿದ್ದಾಳೆ ಅಂತ ನನಗೆ ಸಿಟ್ಟು ಬಂದಿತ್ತು. ಅಲ್ಲ, ಇದೇನು ಹೆಣ್ಣು ನೋಡಲಿಕ್ಕೆ ಹೋಗುವ ಕೆಲಸವೇ? ಆದರೆ ಫೋನ್ ಬಂದಾಗ ಅವಳು ಮೈಲಿಗಟ್ಟಲೆ ಮಾತು ತಂದಿದ್ದಳು. ಎದುರು ಮನೆಯ ಅಜ್ಜಿಯದಲ್ಲ, ಅಜ್ಜಿಯ ಆಚೆ ಮನೆಯ ಇನ್ನೊಬ್ಬಾಕೆಯ ಗೋಡೆಯ ಮೇಲಂತೆ ಆ ಬ್ಯಾಟರಿ ಇದ್ದದ್ದು. ಎದುರುಮನೆ ಅಜ್ಜಿಯೇ ಕೈ ಹಿಡಿದು ಕರೆದುಕೊಂಡು ಹೋದಳಂತೆ. ಆ ಇನ್ನೊಬ್ಬಾಕೆ ಬಸ್ ಓಡಿಸಿ ನಿವೃತ್ತಿಯಾದ ಹೆಂಗಸು. ರೊಟ್ಟಿಯನ್ನು ಬಿಸ್ಕೀಟಿನ ಹಾಗೆ ಮುರಿದು ಚಹಾದಲ್ಲಿ ಅದ್ದಿ ತಿಂದಳಂತೆ. ಇದನ್ನು ಕೇಳಿ ಅವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಎರಡು ಬ್ಯಾಸಗಿ ಆಗ್ಯಾವಂತ ಅಣ್ಣಾ. ಸಂಜಿ ಅಡಗಿ, ಬಟ್ಟಿ ಮಷೀನು, ಟೀವಿ ಎಲ್ಲಾ ನಡೀತೈತಂತ. ಕರೆಂಟು ಹೋದ್ರ ಮಾತ್ರ ಇದೂ ನಡಿಯಂಗಿಲ್ಲ, ಅದಕ್ಕ ಬ್ಯಾರೆ ವೈರಿಂಗ್ ಮಾಡಸಬೇಕಂತ. ಅದು ನಮಗ ಬ್ಯಾಡ, ಇಲ್ಲೆ ಕರೆಂಟು ಹೋಗೂದು ಕಮ್ಮಿ. ಫೋನಿನ್ಯಾಗ ತೋರಸ್ತೈತಲ್ಲ, ಆ ಆ್ಯಪ್ ಭಾಳ ಮಳ್ಳ ಐತಂತ, ಒಮ್ಮೊಮ್ಮೆ ನಿಂತ ಬಿಡತೈತಿ."

"ಕೆಟ್ಟಾಗ?"

"ಒಮ್ಮೆ ಕೆಟ್ಟಿತ್ತಂತ. ಹಚ್ಚಿಕೊಟ್ಟಾವ ಅಂಗಡಿ ಮುಚ್ಚಿ ಹೋಗಿದ್ನಂತ. ಬ್ಯಾಟರಿ ಕಂಪನಿಗೆ ಫೋನ್ ಮಾಡಿದ್ರ ಭಾಳ ಕಾಯಿಸಿದ್ರಂತ, ಆದ್ರ ಮಂದಿ ಬಂದು ಪುಕ್ಕಟೆ ರಿಪೇರಿ ಮಾಡಿ ಹೋದ್ರಂತ."

ಕಾಯಿಸಿದರು, ಆದರೆ ಬಂದರು. ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಇನ್ನೇನು ಹೂಂ ಅನ್ನಬೇಕು, ಅಷ್ಟರಲ್ಲಿ ಅವಳು ತಡವರಿಸುತ್ತಾ ಹೇಳಿದಳು:

"ಇನ್ನೊಂದು ಮಾತು ಅಣ್ಣಾ. ಸಿಟ್ಟಾಗಬ್ಯಾಡ. ಮೊದಲನೇ ಬ್ಯಾಸಗ್ಯಾಗ ಆಕಿ ಬ್ಯಾಟರಿ ಮಧ್ಯಾಹ್ನ ಕಾದು ಕಾದು ತಾನ ಬಂದ್ ಆಗ್ತಿತ್ತಂತ. ಯಾಕಂದ್ರ ಅದನ್ನ ಉತ್ತರದ ಗೋಡಿಗೆ ಹಚ್ಚಿದ್ರಂತ. ಆಮ್ಯಾಲ ದಕ್ಷಿಣದ ಗೋಡಿಗೆ ಬದಲಿ ಮಾಡಿಸ್ಯಾಳ. ನಾ ಉತ್ತರಕ್ಕ ಹಚ್ಚಸ್ತೀನಿ ಅಂದದ್ದಕ್ಕ ಆಕಿ ಹುಬ್ಬು ಏರಿಸಿದ್ಲು."

ನನಗೆ ಸಿಟ್ಟು ಬಂದೇ ಬಂತು. "ಬಸ್ ಓಡಿಸಿದಾಕಿಗೆ ಏನ್ ಗೊತ್ತಾಗತೈತಿ? ಉತ್ತರದ ಗೋಡಿಗೆ ಬಿಸಿಲು ಬೀಳೂದು ಎಲ್ಲಿ ಕಂಡೀದಿ? ನಾಳಿ ನಿಮ್ಮಲ್ಲಿ ಮಧ್ಯಾಹ್ನ ಆದಾಗ ವಿಡಿಯೋ ಕಾಲ್ ಮಾಡು. ನಾ ನೋಡ್ತೀನಿ."

ಅವಳ ಮಧ್ಯಾಹ್ನಕ್ಕೆ ನಮ್ಮಲ್ಲಿ ಬೆಳಗಿನ ಚಹಾದ ಹೊತ್ತು. ನಾನು, ಅವ್ವ, ಹೆಂಡತಿ ಮೂವರೂ ಫೋನಿನ ಮುಂದೆ ಕೂತೆವು. ತಂಗಿ ಅಂಗಳದಲ್ಲಿ ನಿಂತು, ಮೊದಲು ಸೂರ್ಯ ಹುಟ್ಟುವ ದಿಕ್ಕು ತೋರಿಸಿದಳು. ಸರಿ, ಪೂರ್ವ. ಆಮೇಲೆ ಬಟ್ಟೆ ಒಣಗಿಸುವ ಕಂಬ ತೋರಿಸಿದಳು. ಕಂಬದ ನೆರಳು ದಕ್ಷಿಣಕ್ಕೆ ಬಿದ್ದಿತ್ತು.

"ಫೋನ್ ತಿರುವಿ ಹಿಡದೀ ನೋಡು" ಅಂದೆ.

ತಿರುವಿ ಹಿಡಿದಳು. ಕಂಬ ಮಲಗಿತು, ನೆರಳು ಮಾತ್ರ ಮೊದಲಿನ ಕಡೆಗೇ ಇತ್ತು. ಆಮೇಲೆ ಅವಳು ಉತ್ತರದ ಗೋಡೆಯ ಹತ್ತಿರ ಹೋಗಿ ಅಂಗೈ ಊರಿ, ಹಾ ಅಂತ ಕೈ ಹಿಂದೆ ತೆಗೆದಳು. ಗೋಡೆಯ ತುಂಬ ಬಿಸಿಲು, ಒಂದು ಗೇಣೂ ನೆರಳಿಲ್ಲ. ದಕ್ಷಿಣದ ಗೋಡೆಗೆ ಹೋದರೆ ಅಲ್ಲಿ ಪಾಚಿ ಕಟ್ಟಿದೆ! ಸಾಲೆಯಲ್ಲಿ ಭೂಗೋಳ ಕಲಿಸುವಾಗ ಗೋಲದ ಕೆಳಗಿನ ಅರ್ಧದಲ್ಲಿ ಸೂರ್ಯ ಉತ್ತರಕ್ಕೆ ಕಾಣುತ್ತಾನೆ ಅಂತ ಹೇಳಿರಬೇಕು. ಹೇಳಿರುತ್ತಾರೆ. ನಾನು ಆಗ ಎಲ್ಲಿದ್ದೆನೋ.

ನನಗೆ ತಡೆಯಲಾಗದೆ ನಗು ಬಂತು. ಹೆಂಡತಿ ಮೊದಲೇ ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು. ನಗದೆ ಇದ್ದವಳು ಅವ್ವ ಒಬ್ಬಳೇ. "ದಕ್ಷಿಣ ಯಮನ ದಿಕ್ಕು. ಮನಿ ಬೆಳಗೂ ಸಾಮಾನು ಅಲ್ಲೆ ಇಡ್ತಾರೇನು?" ಅಂತ ಗಟ್ಟಿಯಾಗಿ ಕೂತಳು. ತಂಗಿಯ ಮುಖ ಬಾಡಿತು. ಅವ್ವನ ಮಾತು ಮೀರಿ ಅವಳು ಏನೂ ಮಾಡುವವಳಲ್ಲ, ಎಷ್ಟು ದೂರ ಇದ್ದರೂ.

ಆಗ ನನ್ನ ಹೆಂಡತಿ ಚಹಾದ ಬಟ್ಟಲು ಕೆಳಗಿಟ್ಟು ಮೆಲ್ಲಗೆ ಅಂದಳು: "ಅತ್ತಿ, ಅಲ್ಲೆ ಸೂರ್ಯನೇ ಉತ್ತರದ ಕಡಿ ಹೋಗಿ ನಿಂತಾನ ಅಂದ ಮ್ಯಾಲ, ಯಮ ಒಬ್ಬಾವ ಹಳೇ ಜಾಗಾದಾಗ ಯಾಕ ಕುಂಡ್ರತಾನ್ರಿ? ಅವನೂ ಬಿಸಿಲಿಗೆ ಎದ್ದು ಹೋಗಿರ್ತಾನ."

ಅವ್ವ ಬಹಳ ಹೊತ್ತು ಯೋಚಿಸಿದಳು. ಫೋನಿನಲ್ಲಿ ಮತ್ತೊಮ್ಮೆ ನೆರಳು ತೋರಿಸು ಅಂದಳು. ನೋಡಿ, "ಹಂಗಾರ ಅಲ್ಲಿದು ಎಲ್ಲಾ ತಿರುಗಾ ಮುರುಗಾ ಐತಿ. ಹಚ್ಚು ಹಚ್ಚು" ಅಂದುಬಿಟ್ಟಳು.

ಆದರೆ ನನ್ನ ತಲೆಯಲ್ಲಿ ಬೇರೆ ಒಂದು ಮಾತು ಕೊರೆಯಲು ಶುರುವಾಗಿತ್ತು. "ತಂಗೀ, ಈಗ ನಿನಗ ಬ್ಯಾಟರಿ ಮಾರಾಕತ್ತಾವಗ ಉತ್ತರದ ಗೋಡಿ ಅಂತ ಹೇಳೀದಿ ಹೌದಲ್ಲ?"

"ಹೂಂ. ಫೋಟೋ ಕಳಿಸು ಅಂದ. ಕಳಿಸಿದೆ."

"ಏನಂದ?"

"ಆಗಲಿ ಮೇಡಂ ಅಂದ."

"ನಾನು ಗಂಗಾವತ್ಯಾಗ ಕುಂತಾವ, ನನಗ ಗೊತ್ತಾಗಲಿಲ್ಲ. ಅವ ಅಲ್ಲೇ ಹುಟ್ಟಿ ಬೆಳದಾವ, ಅವಗ ಬಿಸಿಲು ಎಲ್ಲಿ ಬೀಳತೈತಿ ಗೊತ್ತಿಲ್ಲೇನು?"

ಫೋನಿನ ಆಚೆ ಅವಳ ಗಂಡ ಪಕ್ಕಕ್ಕೆ ಬಂದು ನಿಂತ. ಅವತ್ತು ಅವನಿಗೆ ರಜೆ. "ಖರೆ ಐತ್ರಿ. ರಾಡ್ ಛಲೋ ಇದ್ರೂ ಹಿಡಿಯೋ ಕೈ ಕೆಟ್ಟಿದ್ರ ಬೆಸುಗಿ ನಿಲ್ಲಂಗಿಲ್ಲ" ಅಂದ. ಅಗ್ಗದ ರಾಡಿನ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

"ಮತ್ತ ಏನ್ ಮಾಡ್ಲಿ ಅಣ್ಣಾ? ನೀ ಹೇಳು" ಅಂದಳು ತಂಗಿ.

ನಾನು ಹೇಳಲಿಲ್ಲ. ಆ ಬ್ಯಾಟರಿಯನ್ನು ಮುಟ್ಟಿ ಬಂದವಳು ಅವಳು, ಮೂರು ಮಾತು ಕೇಳಿ ಬಂದವಳು ಅವಳು. ನಾನು ಮೊದಲು ತೂಕ ಅಂದೆ, ಆಮೇಲೆ ಉತ್ತರ ಅಂದೆ, ಎರಡೂ ನೆಟ್ಟಗಾಗಲಿಲ್ಲ. "ನೀ ನೋಡಿ ಬಂದೀ. ನಿನಗ ಏನನಸ್ತೈತಿ, ಅದನ್ನ ಹೇಳು" ಅಂದೆ.

 ಅವಳು ನಮ್ಮ ಬಜಾರದ ಪಳಗಿದ ವ್ಯಾಪಾರಿಯ ಹಾಗೆ ಒಂದೇ ಉಸಿರಿನಲ್ಲಿ ಹೇಳಿದಳು. "ಬ್ಯಾಟರಿ ಇದ ಇರಲಿ. ಮಾರೋ ಮನಶಾ ಬ್ಯಾಡ. ಆಕಿ ಬ್ಯಾಟರಿನ ದಕ್ಷಿಣದ ಗೋಡಿಗೆ ಬದಲಿ ಮಾಡಿದಾವ ಇಲ್ಲೇ ಹತ್ರ ಅದಾನಂತ. ಅವನ ಕಡೀಂದ ಹಚ್ಚಸ್ತೀನಿ, ಸ್ವಲ್ಪ ಜಾಸ್ತಿ ಆದ್ರೂ ಅಡ್ಡಿ ಇಲ್ಲ. ಆ್ಯಪ್ ಮಳ್ಳ ಇದ್ರ ಇರಲಿ, ನನಗ ಬೇಕಾಗಿದ್ದು ಒಲಿ." ಗಂಡನ ಕಡೆ ತಿರುಗಿ, "ಏನಂತೀರಿ?" ಅಂದಳು. ಅವನು ತಲೆಯಾಡಿಸಿದ್ದು ಫೋನಿನಲ್ಲಿ ಕಾಣಿಸಿತು. ನನ್ನ ಎದೆ ತುಂಬಿ ಬಂತು. ಸುಳ್ಳು ಯಾಕೆ ಹೇಳಲಿ, ಕಣ್ಣೂ ಒದ್ದೆಯಾಯಿತು.

ದೀಪಾವಳಿ ಮುಗಿದ ಮೇಲೆ ಬ್ಯಾಟರಿ ದಕ್ಷಿಣದ ಗೋಡೆಗೆ ಏರಿತು. ಫೋಟೋದಲ್ಲಿ ಅದಕ್ಕೆ ಕುಂಕುಮ ಹಚ್ಚಿದ್ದಳು. ಪಕ್ಕದಲ್ಲಿ ಆ ಬಸ್ಸಿನಾಕೆಯೂ ಎದುರುಮನೆ ಅಜ್ಜಿಯೂ ನಿಂತಿದ್ದರು, ಇಬ್ಬರ ಹಣೆಯಲ್ಲೂ ಕುಂಕುಮ. ಮೊದಲ ಬಿಲ್ಲು ಇಳಿದೇ ಬಂತಂತೆ. ಆದರೂ ನನಗೆ ನೆಮ್ಮದಿ ಇರಲಿಲ್ಲ. ನಿಜವಾದ ಬೇಸಿಗೆ ಇನ್ನೂ ಬಂದಿರಲಿಲ್ಲ. ನಮಗೆ ಸಂಕ್ರಾಂತಿಯ ಚಳಿ ಇರುವಾಗ ಅವರಿಗೆ ಕೆಂಡದಂಥ ಬಿಸಿಲು.

ಭೋಗಿಯ ದಿನ ನಮ್ಮ ಕಡೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇಲ್ಲದ ಮನೆ ಇಲ್ಲ. ಅಲ್ಲಿಯ ನಮ್ಮವರಿಗೂ ಅದೇ ಬೇಕು, ಎಲ್ಲರೂ ಅವಳಿಗೇ ಹೇಳಿಟ್ಟಿದ್ದರು. ಬೆಳಿಗ್ಗೆ ಫೋನಿನಲ್ಲಿ ಅವಳ ಊರಿನ ಹವಾಮಾನ ನೋಡಿದರೆ, ನಮ್ಮ ಏಪ್ರಿಲ್ ತಿಂಗಳನ್ನೂ ನಾಚಿಸುವ ಹಾಗಿದೆ. ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಬಂದ ಗಿರಾಕಿಗೆ ಅವನು ಕೇಳಿದ್ದು ಬಿಟ್ಟು ಬೇರೆ ಬ್ಯಾಟರಿ ಎತ್ತಿಕೊಟ್ಟೆ. ಅದು ಕಾದು ನಿಂತುಬಿಟ್ಟರೆ? ಅಷ್ಟು ಮಂದಿಯ ರೊಟ್ಟಿ, ಎರಡು ಒಲೆ, ಸಂಜೆಯ ರೇಟು, ಮತ್ತೆ ಅವಳ ಗಂಡನ ಮುಖ. ಹೆಂಡತಿ ಮನೆಯಿಂದ ಫೋನ್ ಮಾಡಿ ಊಟಕ್ಕೆ ಕರೆದರೆ, ಹಸಿವಿಲ್ಲ ಅಂದೆ. "ಫೋನ್ ಹಚ್ಚಬಾರದೇನ್ರಿ ಹಂಗಾರ?" ಅಂದಳು. ಹಚ್ಚಲಿಕ್ಕೂ ಹೆದರಿಕೆ.

ಮಧ್ಯಾಹ್ನ ತಡೆಯಲಾಗದೆ ಹಚ್ಚಿಯೇಬಿಟ್ಟೆ. ಅಲ್ಲಿ ಸಂಜೆ. ಬಹಳ ಹೊತ್ತು ರಿಂಗ್ ಆಯಿತು. ಕೊನೆಗೆ ಎತ್ತಿದಳು. ಹಿಂದೆ ಪಟಪಟ ರೊಟ್ಟಿ ಬಡಿಯುವ ಸದ್ದು, ಯಾರೋ ಇಂಗ್ಲಿಷಿನಲ್ಲಿ ನಗುವ ಸದ್ದು, ಅವಳ ಗಂಡ "ಈ ಕಡಿ ಸೀದಾಕತ್ತೈತಿ, ತಿರುವು" ಅನ್ನುವ ಸದ್ದು.

"ತಂಗೀ, ಬ್ಯಾಟರಿ..." ಅಂದೆ.

"ಅಣ್ಣಾ, ಕೈ ಪೂರಾ ಹಿಟ್ಟಾಗೈತಿ, ಬಾಗಿಲಾಗ ಮಂದಿ ನಿಂತಾರ. ಈಗ ಹೊತ್ತಿಲ್ಲ, ಫೋನ್ ಇಡು!" ಅಂತ ಬೈದು ಕಟ್ ಮಾಡಿದಳು.

ಬ್ಯಾಟರಿ ಕೈಕೊಟ್ಟಿದ್ದರೆ ಅವಳು ನನ್ನನ್ನು ಹೀಗೆ ಬೈದು ಫೋನ್ ಇಡುವವಳಲ್ಲ. ಅಂಗಡಿಯಿಂದ ಎದ್ದು ಮನೆಗೆ ಹೋಗಿ, ನನಗೆ ಭಾಳ ಹಸಿವಾಗಿದೆ, ರೊಟ್ಟಿ ಬಡಿಸು ಅಂತ ಹೆಂಡತಿಗೆ ಹೇಳಿದೆ.